ಅವ್ವನ ಹೆಸರಿನ ಕೆಂಪು ಗುರುತು

ಆಂಟಾಪ್ ಹಿಲ್‌ನಲ್ಲಿರುವ ನನ್ನ ತಮ್ಮನ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಾಳೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ನನಗೆ ಅದು ಹುಚ್ಚಾಟ ಎನಿಸಿತ್ತು. ತಪ್ಪು ಹುಡುಕಲೆಂದೇ ಒಂದು ಶನಿವಾರ ಹೋದೆ.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ವಾರದ ಪಾಠಗಳನ್ನು ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಳು. ಅವಳು ರೊಟ್ಟಿ ಬಡಿಯುವಾಗ ಮಕ್ಕಳು ಕಲಿತದ್ದನ್ನು ಅವಳಿಗೇ ವಿವರಿಸಬೇಕು; ಆಮೇಲೆಯೇ ಹಸಿರು ಗುರುತು. ಚಿಕ್ಕವಳು ಭಿನ್ನರಾಶಿಯಲ್ಲಿ ತಡವರಿಸಿದಳು. ತಾಯಿ ಹಿಟ್ಟಿನ ಕೈ ಒರೆಸಿಕೊಂಡು, ಹಾಳೆಯಲ್ಲಿ ಮಕ್ಕಳ ಹೆಸರುಗಳ ಕೆಳಗೆ ತನಗಾಗಿ ‘ಅವ್ವ’ ಎಂದು ಬರೆದಿದ್ದ ಸಾಲಿನಲ್ಲಿ ಕೆಂಪು ಗುರುತು ಹಾಕಿದಳು.

“ತಪ್ಪು ಆಕಿದು, ಕೆಂಪು ನಿನಗ್ಯಾಕ?” ಎಂದೆ.

“ಆಕಿಗೆ ತಿಳೀಲಿಲ್ಲಂದ್ರ ನಾ ಸರಿಯಾಗಿ ಹೇಳಿಲ್ಲಂತ ಅಲ್ಲೇನ್ರಿ, ಅಕ್ಕಾರ? ಬರೋ ವಾರ ಮತ್ತ ಹೇಳ್ತೀನಿ.”

ಎಷ್ಟು ಮಕ್ಕಳ ನೋಟ್‌ಬುಕ್ಕುಗಳನ್ನು ಕೆಂಪು ಮಾಡಿದ್ದೆನೋ! ನನ್ನ ಹೆಸರಿನ ಮುಂದೆ ಒಂದು ಗೆರೆಯನ್ನೂ ಎಳೆದುಕೊಂಡಿರಲಿಲ್ಲ.