ಹುಣಸೆಮರದ ತಿರುವಿನಲ್ಲಿ ಇಳಿಯದವನು

ಗಂಗರಾಜು ಒಳ್ಳೆಯ ಮನುಷ್ಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದಿಬ್ಬೂರಹಳ್ಳಿಯಿಂದ ಎರಡು ಕಿಲೋಮೀಟರ್ ಒಳಗಿರುವ ಆ ಊರಿನಲ್ಲಿ ಅವನ ಜತೆ ಜಗಳವಾಡದವರು ಬೇಕೆಂದರೆ ತೊಟ್ಟಿಲಲ್ಲಿರುವ ಕೂಸುಗಳನ್ನೇ ಹುಡುಕಬೇಕು. ಬಸ್ಸಿನ ಕಂಡಕ್ಟರ್ ಜತೆ ಜಗಳ, ಅದಕ್ಕೆ ಬಸ್ಸು ಹತ್ತುವುದಿಲ್ಲ. ಲೈಸೆನ್ಸ್ ಮಾಡಿಸಿಕೊಡುವ ಬ್ರೋಕರ್ ಜತೆ ಜಗಳ, ಅದಕ್ಕೆ ಗಾಡಿ ಓಡಿಸುವುದಿಲ್ಲ. ಮಗ ಸಿದ್ಧಾರ್ಥ್ ಗೌರಿಬಿದನೂರಿನಲ್ಲಿ ಮೇಷ್ಟ್ರು. ಅವನ ಮದುವೆಯ ದಿನ ಪಾಯಸ ತೆಳ್ಳಗಾಯಿತೆಂದು ಅಡುಗೆಯವರ ಮೇಲೆ ಹಾರಾಡಿ, ಬೀಗರ ಎದುರು ಹುಡುಗನ ಮಾನ ಹರಾಜು ಹಾಕಿದವನೂ ಇವನೇ.

ಆದರೆ ರೇಷ್ಮೆಹುಳುವಿನ ವಿಷಯಕ್ಕೆ ಬಂದರೆ ಅವನನ್ನು ಬೈಯುವವರೂ ಬಾಯಿ ಮುಚ್ಚುತ್ತಾರೆ. ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಇಂಥ ನಾಲ್ಕು ಜ್ವರ ಕಳೆದ ಮೇಲೆಯೇ ಅದು ಗೂಡು ಕಟ್ಟುವ ಮಾತು. ಎಲ್ಲ ಹುಳುಗಳೂ ಜ್ವರದಿಂದ ಎದ್ದ ಮೇಲೆ ಸೊಪ್ಪು ಹಾಕಬೇಕು. ಆತುರಪಟ್ಟು ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ, ಬೆಳೆ ಕೆಡುತ್ತದೆ. ಯಾವಾಗ ಎದ್ದವು ಎಂದು ಒಂದು ನೋಟಕ್ಕೆ ಹೇಳುವುದರಲ್ಲಿ ಗಂಗರಾಜುವನ್ನು ಮೀರಿಸುವವರು ಆ ಸುತ್ತಿನಲ್ಲಿ ಇಲ್ಲ. ಅದು ಅವನಿಗೂ ಗೊತ್ತು, ಸೊಕ್ಕಿಗೆ ಅದೂ ಒಂದು ಕಾರಣ.

ಅವನ ಕೆಲಸ ಶಿಡ್ಲಘಟ್ಟದ ಹತ್ತಿರ, ಶೋಭಾರಾಣಿಯವರ ಚಾಕಿ ಕೇಂದ್ರದಲ್ಲಿ. ಮೊಟ್ಟೆಯೊಡೆದ ಮರಿಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಬೆಳಗಿನ ಮೊದಲ ಸೊಪ್ಪು ಆರು ಗಂಟೆಗೆ. ಮನೆಯಿಂದ ಹದಿನಾರು ಕಿಲೋಮೀಟರ್. ಮೂರು ವರ್ಷ ಅವನು ಮೋಹನ್‌ಬಾಬುವಿನ ಬೈಕಿನ ಹಿಂದೆ ಕೂತು ಹೋಗಿ ಬಂದ. ಮೋಹನ್‌ಬಾಬು ಊರಿನ ದೊಡ್ಡ ಮನೆಯವನು, ಗಂಗರಾಜುವಿಗಿಂತ ಹದಿನೈದು ವರ್ಷ ಚಿಕ್ಕವನು, ಶಿಡ್ಲಘಟ್ಟದ ಒಂದು ಡೇರಿಯಲ್ಲಿ ಬೆಳಗಿನ ಪಾಳಿ. ಗಂಗರಾಜುವಿನ ಮನೆ ಊರಾಚೆಯ ಕಾಲೊನಿಯಲ್ಲಿ. ಕಾಲೊನಿಯ ದಾರಿ ಮೋಹನ್‌ಬಾಬುವಿನ ಮನೆ ಮುಂದೆಯೇ ಹಾಯುತ್ತದೆ. ಆದರೂ ಊರು ಇನ್ನೂ ನೂರು ಮಾರು ಇರುವಾಗಲೇ, ಹುಣಸೆಮರದ ತಿರುವಿನಲ್ಲಿ ಬೈಕು ನಿಲ್ಲುತ್ತಿತ್ತು.

"ಇಲ್ಲೇ ಇಳ್ಕೊ ಗಂಗರಾಜು. ಮುಂದೆ ರೋಡ್ ಸರಿ ಇಲ್ಲ, ಡಬಲ್ ಹೋದ್ರೆ ಟೈರ್ ಹೋಗುತ್ತೆ."

ಜಗತ್ತಿನ ಮೇಲೆಲ್ಲ ಅನುಮಾನಪಡುವ ಗಂಗರಾಜು ಈ ಟೈರಿನ ಕತೆಯನ್ನು ಮೂರು ವರ್ಷ ನಂಬಿದ. ಆಮೇಲೊಂದು ದಿನ ಅವನ ತಾಯಿ ಮುನಿಗಂಗಮ್ಮ ದೊಡ್ಡ ಮನೆಯ ತೋಟಕ್ಕೆ ಸೊಪ್ಪು ಕೊಯ್ಯಲು ಹೋದಾಗ, ಮೋಹನ್‌ಬಾಬುವಿನ ಅಜ್ಜಿ ಅಕ್ಕಯ್ಯಮ್ಮ ಮೊಮ್ಮಗನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. "ದೇವರ ಮನೆಗೆ ಹೂ ತರೋ ಗಾಡಿ ಕಣೋ ಅದು. ಅವನನ್ನ ಕೂರಿಸ್ಕೊಂಡು ಮನೆ ಮುಂದಕ್ಕೆ ಬರಬೇಡ." ಅದಕ್ಕೆ ಮೋಹನ್‌ಬಾಬು, "ಮರದ ಹತ್ರಾನೇ ಇಳಿಸಿಬಿಡ್ತೀನಲ್ಲ ಅಜ್ಜಿ, ಇವತ್ತಿಂದಾ ಅದು?" ಅಂದನಂತೆ.

ಮಾರನೆಯ ದಿನ ಗಂಗರಾಜು ಮರದ ಹತ್ತಿರ ಇಳಿದ. ಇಳಿದು ಬೈಕಿನ ಹ್ಯಾಂಡಲ್ ಹಿಡಿದುಕೊಂಡ.

"ನಿಮ್ಮ ಟೈರು ಚೆನ್ನಾಗಿರ್ಲಿ ಮೋಹನಪ್ಪ. ಇವತ್ತು ಇಳ್ದಿದ್ದೇ ಕಡೆ. ಇನ್ಮೇಲೆ ಈ ಮರದಿಂದ ನಿಮ್ಮನೆ ದಾಟೋವರ್ಗೂ ನಾನು ಯಾರ ಮಾತಿಗೂ ಕೆಳಗೆ ಕಾಲಿಡಲ್ಲ."

ಹೇಳುವುದೇನೋ ಹೇಳಿದ. ನಾಳೆ ಆರು ಗಂಟೆಗೆ ಕೇಂದ್ರಕ್ಕೆ ಹೋಗುವುದು ಹೇಗೆ? ಹತ್ತು ದಿನ ಕಾಲೊನಿಯವರೆಗೆ ಬರುವ ಯಾರದೋ ಟೊಮೇಟೊ ಟೆಂಪೊ ಹಿಡಿದು ಹೋದ. ಹನ್ನೊಂದನೆಯ ದಿನ ಟೆಂಪೊದವನ ಜತೆಗೂ ಜಗಳವಾಯಿತು. ಆಗ ಚಿಕ್ಕಬಳ್ಳಾಪುರದಿಂದ ಒಂದು ಹಳೇ ಗೇರ್ ಸೈಕಲ್ಲು ತಂದ. ಯಾವನೋ ಇಂಜಿನಿಯರಿಂಗ್ ಓದುವವನು ನಂದಿಬೆಟ್ಟ ಹತ್ತಲೆಂದು ಕೊಂಡು, ಎರಡು ಸಲ ಹತ್ತಿ, ಮಹಡಿಯ ಮೇಲೆ ತುಕ್ಕು ಹಿಡಿಯಲು ಬಿಟ್ಟಿದ್ದು. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರು. ನಲವತ್ತೊಂಬತ್ತು ವರ್ಷದ ಮಂಡಿಗೆ ದಿನಾ ಮೂವತ್ತೆರಡು ಕಿಲೋಮೀಟರ್ ತುಳಿಯುವುದು ಆಗದ ಮಾತು. ಹಾಗಾಗಿ ಮೋಟರು ಕೂರಿಸುವುದೆಂದು ತೀರ್ಮಾನ ಮಾಡಿದ. ಸಿದ್ಧಾರ್ಥ್ ಫೋನಿನಲ್ಲಿ, "ಅಪ್ಪಾ, ಸುಮ್ನೆ ಒಂದು ಸ್ಕೂಟಿ ತಗೊಳ್ಳಪ್ಪಾ, ಲೈಸೆನ್ಸ್ ನಾನ್ ಮಾಡಿಸ್ತೀನಿ" ಅಂದ. "ಆ ಬ್ರೋಕರ್ ಮುಖ ನೋಡೋ ಬದ್ಲು ತೆವಳ್ಕೊಂಡು ಹೋಗ್ತೀನಿ" ಎಂದು ಇವನು ಫೋನಿಟ್ಟ.

ಮೋಟರು ಕೂಡಿಸಿದ ಚಕ್ರ, ಬ್ಯಾಟರಿ, ವೈರುಗಳ ಗಂಟು ಎಲ್ಲವೂ ಕೊರಿಯರ್‌ನಲ್ಲಿ ಬಂದವು. ತೆಲುಗಿನ ವಿಡಿಯೊ ಒಂದನ್ನು ಮೂವತ್ತು ಸಲ ನೋಡಿ, ಆ ವಿಡಿಯೊದವನನ್ನೂ ಅರವತ್ತು ಸಲ ಬೈದು, ಹಿಂದಿನ ಚಕ್ರ ತೆಗೆದು ಹೊಸದು ಕೂರಿಸಿದ. ಬ್ಯಾಟರಿಯನ್ನು ಫ್ರೇಮಿನ ನಡುವೆ ಬಿಗಿದ. ಅಂಗಳದಲ್ಲಿ ಹತ್ತಿ ಕೂತು ಆಕ್ಸಿಲೇಟರ್ ತಿರುಗಿಸಿದ. ಚಕ್ರ ಒಂದು ಸುತ್ತು ಮುಂದೆ ಹೋಯಿತು, ಆಮೇಲೆ ಚಕ್ರದ ಬದಲು ಅದರ ಅಚ್ಚೇ ತಿರುಗಿತು, ವೈರುಗಳು ಹಿಂಡಿಕೊಂಡು ಹರಿದವು. ಮುನಿಗಂಗಮ್ಮ ಜಗಲಿಯ ಮೇಲಿಂದ, "ಅದಕ್ಕೂ ನಿನ್ನ ಜೊತೆ ಆಗ್ಲಿಲ್ವಲ್ಲೋ" ಅಂದಳು.

ದಿಬ್ಬೂರಹಳ್ಳಿಯಲ್ಲಿ ಬೋರ್‌ವೆಲ್ ಮೋಟರು ಕಟ್ಟುವ ಬಯ್ಯಪ್ಪನ ಜತೆ ಎರಡು ವರ್ಷದಿಂದ ಮಾತಿರಲಿಲ್ಲ. ಆದರೂ ಸೈಕಲ್ಲನ್ನು ಆಟೊದಲ್ಲಿ ಹಾಕಿಕೊಂಡು ಹೋಗಿ ಅವನ ಅಂಗಡಿಯ ಮುಂದೆ ಇಳಿಸಿ, ಬೇರೆ ಕಡೆ ನೋಡುತ್ತ ನಿಂತ. ಬಯ್ಯಪ್ಪನೂ ಇವನ ಮುಖ ನೋಡದೆ ವೈರು ಜೋಡಿಸಿದ. ಹತ್ತನೇ ನಂಬರಿನ ಒಂದು ಹಳೇ ಸ್ಪ್ಯಾನರನ್ನು ಅರ್ಧಕ್ಕೆ ಕತ್ತರಿಸಿ, ಬಾಯಿಯನ್ನು ಅಚ್ಚಿಗೆ ಕಚ್ಚಿಸಿ, ಬಾಲವನ್ನು ಫ್ರೇಮಿಗೆ ಬಿಗಿದ. "ಅಚ್ಚು ಅಲ್ಲಾಡಬಾರ್ದು. ಅಷ್ಟೂ ಗೊತ್ತಿಲ್ದೆ ಮೋಟರ್ ಕೂರ್ಸೋಕೆ ಹೋಗ್ತಾರೆ" ಎಂದು ಗೋಡೆಗೆ ಹೇಳಿದ. ಗಂಗರಾಜು ಕೂಲಿಯನ್ನು ಗಲ್ಲಾದ ಮೇಲಿಟ್ಟು ಬಂದ. ಈಗಲೂ ಅವರಿಬ್ಬರಿಗೆ ಮಾತಿಲ್ಲ, ಆದರೆ ಸ್ಪ್ಯಾನರ್ ಕೂತಲ್ಲೇ ಕೂತಿದೆ.

ಮೊದಲ ದಿನ ಮುಂಜಾನೆ ಐದು ಗಂಟೆಗೆ ಗಂಗರಾಜು ದೊಡ್ಡ ಮನೆಯ ಮುಂದೆ ಹಾದ. ಸದ್ದೇ ಇಲ್ಲ. ಎರಡನೆಯ ದಿನ ಅಕ್ಕಯ್ಯಮ್ಮ ಬಾಗಿಲಿಗೆ ನೀರು ಹಾಕುತ್ತ ನೋಡಿದಳು. ಮೂರನೆಯ ದಿನ ಮೋಹನ್‌ಬಾಬು ರಸ್ತೆಗೇ ಬಂದು ಅಡ್ಡ ನಿಂತ.

"ಇಳ್ದು ತಳ್ಕೊಂಡು ಹೋಗು. ಪಕ್ಕದಲ್ಲೇ ಹುಳುಮನೆ ಇದೆ. ನಿನ್ನ ಮೋಟರ್ ಕರೆಂಟಿಗೆ ಹುಳಕ್ಕೆ ತೊಂದ್ರೆ ಆಗುತ್ತೆ."

"ನಿಮ್ಮ ಟ್ರ್ಯಾಕ್ಟರು ಅದೇ ಗೋಡೆ ಒರಸ್ಕೊಂಡು ಹೋಗುತ್ತಲ್ಲ, ಆಗ ಹುಳ ಏನು ಲಾಲಿ ಹಾಡು ಅಂದ್ಕೊಂಡು ಮಲಗ್ತಾವಾ?"

"ನನ್ನ ಜೊತೆ ಬಾಯಿ ಮಾಡಬೇಡ. ಇಳೀತೀಯೋ ಇಲ್ವೋ?"

"ಇಳಿಯಲ್ಲ."

ಪಕ್ಕದಲ್ಲಿ ಹಾಯಿಸಿಕೊಂಡು ಹೊರಟೇ ಹೋದ. ಮಾರನೆಯ ದಿನ ರಸ್ತೆಯ ಅಗಲಕ್ಕೂ ಹಿಪ್ಪುನೇರಳೆಯ ಒಣ ಕಡ್ಡಿ ಹರಡಿತ್ತು, ಗೇಣೆತ್ತರಕ್ಕೆ. ಬೇರೆ ಸೈಕಲ್ಲಾಗಿದ್ದರೆ ಇಳಿಯಲೇಬೇಕಿತ್ತು. ಇದು ಬೆಟ್ಟ ಹತ್ತಲು ಹುಟ್ಟಿದ್ದು. ಮೊದಲ ಗೇರಿಗೆ ಹಾಕಿ, ಮೋಟರನ್ನೂ ಓಡಿಸಿ, ಪೆಡಲನ್ನೂ ಎದ್ದು ನಿಂತು ತುಳಿದು, ಕಡ್ಡಿಗಳನ್ನು ಲಟಲಟ ಮುರಿಯುತ್ತ ದಾಟಿದ. ಆ ಲಟಲಟ ಅವನಿಗೆ ಎಷ್ಟು ಹಿತವಾಯಿತೆಂದರೆ ಸಂಜೆ ವಾಪಸು ಬರುವಾಗ ಕಡ್ಡಿ ತೆಗೆದುಬಿಟ್ಟಿದ್ದನ್ನು ನೋಡಿ ಬೇಸರಪಟ್ಟ.

ಆ ಸಲದ ಹುಳು ದೊಡ್ಡ ಮನೆಯವರು ತಂದಿದ್ದು ಶೋಭಾರಾಣಿಯವರ ಕೇಂದ್ರದಿಂದಲೇ. ಮಾರಿದ ಹುಳುವನ್ನು ನಾಲ್ಕನೇ ಜ್ವರದಲ್ಲಿ ಒಮ್ಮೆ ಹೋಗಿ ನೋಡಿ ಬರುವುದು ಕೇಂದ್ರದವರ ಪದ್ಧತಿ, ಅದು ಗಂಗರಾಜುವಿನ ಪಾಲಿನ ಕೆಲಸ. ಹುಳುಮನೆಗೆ ಹಿಂದಿನ ಬಾಗಿಲಿದೆ. ತೋಟದ ಕಡೆಯಿಂದ ಸುತ್ತಿ ಬಂದು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದ. ಸೊಪ್ಪಿನ ಕಡ್ಡಿಗಳ ಮೇಲೆ ಹುಳುಗಳು ತಲೆಯೆತ್ತಿ ಕೂತಿದ್ದವು. ಒಂದು ಕ್ಷಣ ಅವನಿಗೆ ಕೆಟ್ಟ ಆಸೆ ಬಂತು. ಎದ್ದಿವೆ, ಸೊಪ್ಪು ಹಾಕಿ ಎಂದುಬಿಟ್ಟರೆ ಸಾಕು, ಇವರ ಸೊಕ್ಕು ಹದಿನೈದು ದಿನದಲ್ಲಿ ಮುರಿಯುತ್ತದೆ. ಆದರೆ ಆ ಹುಳುಗಳಿಗೆ ಅವುಗಳ ಮೊದಲ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿದ್ದು ಇವನ ಕೈ. ಸುಳ್ಳು ಬಾಯಿಗೆ ಬರಲಿಲ್ಲ.

"ಅರ್ಧ ಇನ್ನೂ ಎದ್ದಿಲ್ಲ. ನಾಳೆ ಬೆಳಿಗ್ಗೆ ತನಕ ಕಡ್ಡೀನೂ ಹಾಕಬೇಡಿ" ಎಂದು ಹೇಳಿ ಹೊರಟ.

ಅವನು ಹೋದ ಮೇಲೆ ಅಕ್ಕಯ್ಯಮ್ಮ ಮೊಮ್ಮಗನ ಕಡೆ ತಿರುಗಿದಳು. "ನಮ್ಮ ಮೇಲೆ ಕತ್ತಿ ಮಸೀತಾ ಇರೋನು ನಮಗೆ ಒಳ್ಳೇದು ಹೇಳ್ತಾನೇನೋ? ಹುಳ ಹಸ್ಕೊಂಡು ಸಾಯ್ಲಿ ಅಂತ ಹೇಳ್ತಾವ್ನೆ. ಹಾಕು ಸೊಪ್ಪು." ಹಾಕಿದರು.

ಮುಂದೆ ಆಗಬೇಕಾದದ್ದೇ ಆಯಿತು. ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕುವಾಗ ಇನ್ನರ್ಧ ಸೊಪ್ಪು ಸೊಪ್ಪು ಎನ್ನುತ್ತಿದ್ದವು. ಗೂಡು ಜೊಳ್ಳಾಗಿ, ಮಾರುಕಟ್ಟೆಯಲ್ಲಿ ಕೈಯಲ್ಲಿ ಹಿಡಿದು ನೋಡುವವರೂ ಇಲ್ಲದಂತಾಯಿತು. ಇದಕ್ಕೆಲ್ಲ ಕಾರಣ ಯಾವುದು? ಗಂಗರಾಜುವಿನ ಸೈಕಲ್ಲು! ಮೋಹನ್‌ಬಾಬು ಶೋಭಾರಾಣಿಯವರ ಮುಂದೆ ಹೋಗಿ ಕೂಗಾಡಿದ. ಅವನನ್ನು ಕೆಲಸದಿಂದ ತೆಗೆಯದಿದ್ದರೆ ಊರಿನವರ್‍ಯಾರೂ ನಿಮ್ಮ ಹತ್ತಿರ ಚಾಕಿ ತೆಗೆದುಕೊಳ್ಳುವುದಿಲ್ಲ ಅಂದ.

ಶೋಭಾರಾಣಿ ಕೆಟ್ಟ ಹೆಂಗಸಲ್ಲ, ವ್ಯಾಪಾರದ ಹೆಂಗಸು. ಗಂಗರಾಜುವನ್ನು ಕರೆದರು. "ಹತ್ತು ಮಾರು ದೂರ ಇಳ್ದು ತಳ್ಕೊಂಡು ಹೋದ್ರೆ ನಿಮ್ಮ ಗಂಟೇನು ಹೋಗುತ್ತೆ ಗಂಗರಾಜು? ನನಗೋಸ್ಕರ ಇಳೀರಿ."

"ಮೂರು ವರ್ಷ ಇಳ್ದಿದೀನಿ ಮೇಡಂ. ಯಾಕೆ ಇಳಿಸ್ತಾವ್ರೆ ಅಂತ ಗೊತ್ತಿಲ್ದೆ ಇಳ್ದಿದ್ದು ಒಂದು. ಈಗ ಗೊತ್ತಿದ್ದು ಇಳಿದ್ರೆ, ಅವರು ಮಾಡಿದ್ದು ಸರಿ ಅಂತ ನಾನೇ ಒಪ್ಕೊಂಡಂಗೆ. ಕೆಲಸ ಬಿಡಿಸೋದಾದ್ರೆ ಇವತ್ತೇ ಬಿಡಿಸಿ." ಹೇಳುವಾಗ ಅವನ ದನಿ ಏರಲಿಲ್ಲ. ಜಗಳಗಂಟ ಗಂಗರಾಜು ಮೆಲ್ಲಗೆ ಮಾತಾಡಿದ್ದನ್ನು ಶೋಭಾರಾಣಿ ಅದೇ ಮೊದಲು ಕೇಳಿದ್ದು. ಮುಂದಿನ ಬೆಳೆ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಬನ್ನಿ ಎಂದರು.

ದೊಡ್ಡ ಮನೆಯವರು ಮುಂದಿನ ಸಲ ಚಾಕಿಯನ್ನು ಬೇರೆ ಕಡೆಯಿಂದ ತಂದರು. ಗಂಗರಾಜು ದಿನವೂ ಅವರ ಮುಂದೆ ಹಾಯುತ್ತಿದ್ದ. ಕೆಲಸ ಇವತ್ತು ಹೋಗುತ್ತದೋ ನಾಳೆ ಹೋಗುತ್ತದೋ ಎಂಬ ಭಯವಿತ್ತು, ಮುಖದ ಮೇಲೆ ಮಾತ್ರ ಹಳೆಯ ಗಂಟು.

ಒಂದು ಮುಂಜಾನೆ ಹುಳುಮನೆಯ ಗೋಡೆಯ ಹತ್ತಿರ ಅಕ್ಕಯ್ಯಮ್ಮ ರಸ್ತೆಯ ನಡುವೆ ನಿಂತಿದ್ದಳು. ಗಂಗರಾಜು ಬ್ರೇಕ್ ಹಿಡಿದ. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದನ್ನು ಪಕ್ಕದ ಚಪ್ಪಡಿಯ ಮೇಲೆ ಊರಿದ. ನೆಲಕ್ಕೆ ತಾಗಿಸಲಿಲ್ಲ.

"ನಾಲ್ಕನೇ ಜ್ವರ" ಅಂದಳು ಮುದುಕಿ. "ಮೋಹನ ಎದ್ದಿವೆ ಅಂತಾನೆ. ಹೋದ್ಸಲ ನಿನ್ನ ಮಾತು ಕೇಳ್ದೆ ಕೆಟ್ಟ ಮೇಲೆ ನನಗೆ ಧೈರ್ಯ ಸಾಲದು. ಇಳ್ದು ಒಳಗೆ ಬಂದು ನೋಡಪ್ಪಾ."

ಅವಳ ಬಾಯಿಂದ ಅಪ್ಪಾ ಎನ್ನುವ ಮಾತು ಅವನ ಕಡೆಗೆ ಬಂದದ್ದು ಅದೇ ಮೊದಲು. ಗಂಗರಾಜುವಿಗೆ ಅದು ಸಿಹಿಯಾಗಲಿಲ್ಲ. ಮೂರು ವರ್ಷ ಆ ಮರದಿಂದ ಮನೆಯವರೆಗೆ ನಡೆದ ನಡಿಗೆಯೆಲ್ಲ ನೆನಪಾಯಿತು.

"ಇಳಿಯಲ್ಲಮ್ಮ. ನೋಡ್ಬೇಕು ಅಂದ್ರೆ ಇಲ್ಲಿಗೆ ತರ್ಸಿ."

ಮುದುಕಿ ಒಳಗಿದ್ದ ಮೊಮ್ಮಗನನ್ನು ಕೂಗಿದಳು. ಮೋಹನ್‌ಬಾಬು ಮೊರದಲ್ಲಿ ಹುಳು ಕೂತ ನಾಲ್ಕು ಕಡ್ಡಿ ಇಟ್ಟುಕೊಂಡು, ಬರಿಗಾಲಿನಲ್ಲಿ, ನೆಲ ನೋಡುತ್ತ ರಸ್ತೆಗೆ ಬಂದು ಸೈಕಲ್ಲಿನ ಪಕ್ಕ ನಿಂತ. ಮೊರವನ್ನು ಸೀಟಿನ ಎತ್ತರಕ್ಕೆ ಎತ್ತಿ ಹಿಡಿಯಬೇಕಾಯಿತು.

ಗಂಗರಾಜು ಬಗ್ಗಿ ನೋಡಿದ. ಅವಸರ ಮಾಡಲಿಲ್ಲ.

"ಇನ್ನೂ ಎದ್ದಿಲ್ಲ. ಸಂಜೆ ಆರಕ್ಕೆ ಹಾಕಿ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಚಪ್ಪಡಿಯಿಂದ ಕಾಲೆತ್ತಿ ಆಕ್ಸಿಲೇಟರ್ ತಿರುಗಿಸಿದ. ಹುಣಸೆಮರದ ತಿರುವು ದಾಟುವಾಗ ಗಂಟೆ ಐದೂಕಾಲು. ಮೊದಲ ಸೊಪ್ಪಿಗೆ ಇನ್ನೂ ಹೊತ್ತಿತ್ತು.