ಪೂಜೆಗೆ ಕುಳಿತ ಲೇಸರ್ ಕಟರ್

ಗೆಳೆಯರೇ, ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಇಂದು ಒಂದು ಯಂತ್ರ ದೇವರಾಯಿತು. ಅಪರಾಧಿ ನಾನೇ.

ಕಮಲಾಪುರದ ಅತ್ತೆಯ ಹೊಸ ಮನೆಗೆ ನಾಳೆ ದಸರೆಗೆ ಕಟ್ಟಲು ಪ್ಲೈವುಡ್ ಗಿಳಿಗಳ ತೋರಣ ಮಾಡಿಕೊಡುವುದಾಗಿ ಮಾತು ಕೊಟ್ಟಿದ್ದೆ. ಹೊಸಬರಿಗೆಂದೇ ಬರುವ ಪುಟ್ಟ ಲೇಸರ್ ಕಟರ್ ಬೆಳಗ್ಗೆಯಿಂದ ಗಿಳಿಗಳ ಮೈ ಕತ್ತರಿಸಿ ಮುಗಿಸಿತ್ತು. ಅಂಟಿಸಬೇಕಾದ ತಲೆಗಳ ಸರದಿ ಬಂದಾಗ ಅವ್ವ ಬಂದಳು.

"ಇವತ್ತ ಖಂಡೇಪೂಜಿ ಅದ. ಈ ಡಬ್ಬಿ ಅತ್ಲಾಗ ಇಡೋ."

ಆಯುಧಪೂಜೆ ಎಂದಮೇಲೆ ಬಿಡುವುದುಂಟೇ? ನಾನು ಕೈಮುಗಿದು, ಪರಮ ಗಂಭೀರವಾಗಿ, "ಡಬ್ಬಿ ಅನಬ್ಯಾಡವ್ವಾ, ಇದು ನನ್ನ ಆಯುಧ" ಎಂದೆ.

ಅವ್ವ ನಗಲಿಲ್ಲ. ಸ್ವಿಚ್ ಆರಿಸಿದಳು, ಯಂತ್ರಕ್ಕೆ ಮೂರು ಬೆರಳಿನ ವಿಭೂತಿ ಬಳಿದಳು, ಈಳಿಗೆ, ಲಟ್ಟಣಿಗೆಗಳ ಪಕ್ಕ ಕೂರಿಸಿ ನಿಂಬೆಹಣ್ಣು ಇಟ್ಟಳು.

"ಪೂಜಿಗಿ ಕುಂತ ಆಯುಧ ನಾಳಿತನ ಮುಟ್ಟಂಗಿಲ್ಲ."

ಅಷ್ಟರಲ್ಲಿ ಅತ್ತೆ ತಮ್ಮೂರಿನ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು, ತೋರಣ ಒಯ್ಯಲು ಬಂದೇಬಿಟ್ಟರು.

"ಏನಪಾ, ಒಂದ್ ಗಿಳಿಗೂ ತಲಿ ಇಲ್ಲಲ್ಲೋ!"

"ತಲಿ ಪೂಜಿಯೊಳಗ ಅವ ಅತ್ತಿ. ಅವ್ವಗ ನೀವರ ಹೇಳ್ರಿ."

"ಪೂಜಿ ಆಗ್ಯದಂದ್ರ ಮುಗೀತು. ನಾಳಿ ಬನ್ನಿ ಎಲಿ ಕೊಡಾಕ ಬರೋವಾಗ ತಲಿನೂ ತಗೊಂಡು ಬಾ."

ಕೊನೆಯ ಅಸ್ತ್ರ ಬಿಟ್ಟೆ. "ಅವ್ವಾ, ಲಟ್ಟಣಿಗಿನೂ ಪೂಜಿಗಿ ಕುಂತದ. ಹೋಳಿಗಿ ಹ್ಯಾಂಗ ಮಾಡ್ತಿ?"

ಅವ್ವ ತುಸು ಯೋಚಿಸಿದಳು. "ಖರೇ ಅಂದಿ ನೋಡು. ಇವತ್ತ ಹೋಳಿಗಿ ಬ್ಯಾಡ."

ಬಾಳೆಹಣ್ಣು ಸುಲಿಯಲು ಯಾವ ಆಯುಧವೂ ಬೇಕಿಲ್ಲ, ಗೆಳೆಯರೇ. ಇದು ನನ್ನ ನಾಲ್ಕನೆಯದು.