ಕೇಳದೆ ಬಿಟ್ಟ ಉಪ್ಪು

ಉಪ್ಪಿನ ಬಗ್ಗೆ ಯಾರಾದರೂ ವಿಚಾರಿಸುತ್ತಾರೆಯೇ? ನಮ್ಮಂಥ ವೈಷ್ಣವರು ಹೊರಗೆ ಊಟಕ್ಕೆ ಕೂತರೆ ಮೊದಲು ಕೇಳುವುದು ಉಳ್ಳಾಗಡ್ಡಿ, ಆಮೇಲೆ ಬಳ್ಳೊಳ್ಳಿ, ಆಮೇಲೆ ಪಾತ್ರೆ ಯಾವುದು, ಸೌಟು ಯಾವುದು. ಇಷ್ಟು ಕೇಳಿ ಮುಗಿಸುವುದರೊಳಗೆ ಬಡಿಸುವವನಿಗೇ ಹಸಿವಾಗಿರುತ್ತದೆ. ನಾನೂ ಎಲ್ಲ ಕೇಳಿದ್ದೆ, ಉಪ್ಪೊಂದನ್ನು ಬಿಟ್ಟು.

ಎರಡು ಸಾವಿರನೆಯ ಇಸವಿಯ ನಂತರದ ಮೊದಲ ವರ್ಷಗಳವು. ನಾನು ಶಹಾಬಾದಿನ ಶಾಲೆಯೊಂದರಲ್ಲಿ ಮಾಸ್ತರ. ನಮ್ಮ ಓಣಿಯ ತುದಿಗೆ ಒಬ್ಬಾತ ತನ್ನ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಟೇಬಲ್ ಹಾಕಿ ಹೋಟೆಲ್ ತೆರೆದಿದ್ದ. ಕಾಗಿಣಾ ದಂಡೆಯ ಮನೆತನದವನು; ಅವನ ಅಪ್ಪ ಹೊಳೆಯಲ್ಲಿ ಬಲೆ ಬೀಸಿ ಬದುಕಿದವನು. ಇವನು ಮಾತ್ರ ದುಬೈಗೆ ಹೋಗಿ, ಅಲ್ಲಿ ಥಾಯ್ ಅಡುಗೆಯವನೊಬ್ಬನ ಕೈಕೆಳಗೆ ವರ್ಷಗಟ್ಟಲೆ ದುಡಿದು ಬಂದಿದ್ದ. ವಾರವಿಡೀ ಚಹಾ, ಚುರುಮುರಿ ಸುಸಲಾ, ಮಿರ್ಚಿ ಭಜಿ. ರವಿವಾರ ಮಧ್ಯಾಹ್ನ ಮಾತ್ರ ಥಾಯ್ ಊಟ. ಹಿತ್ತಲಲ್ಲಿ ತಾನೇ ಬೆಳೆಸಿದ, ನಿಂಬೆಯ ಘಮದ ಮಜ್ಜಿಗೆಹುಲ್ಲು, ತೆಂಗಿನಹಾಲು, ಹಸಿಮೆಣಸಿನಕಾಯಿ, ಬದನೆಕಾಯಿ ಹಾಕಿದ ಹಸಿರು ಸಾರು, ಜೊತೆಗೆ ಬಿಸಿ ಅನ್ನ. ಜೋಳದ ರೊಟ್ಟಿಯ ಊರಿನಲ್ಲಿ ಇದನ್ನು ಯಾರು ತಿನ್ನುತ್ತಾರೆ ಎಂದು ನಕ್ಕವನು ನಾನೇ. ಒಂದು ರವಿವಾರ ತಿಂದೆ. ಆಮೇಲೆ ಯಾವ ರವಿವಾರವನ್ನೂ ತಪ್ಪಿಸಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಸೇಡಂನಲ್ಲಿದ್ದ ಅಣ್ಣನ ಮನೆಯಿಂದ ನನ್ನಲ್ಲಿಗೆ ಬಂದಳು. ಉಣ್ಣುವುದನ್ನೇ ಬಿಟ್ಟಿದ್ದಳು. ನನ್ನ ಹೆಂಡತಿ ಏನು ಮಾಡಿ ಬಡಿಸಿದರೂ ಎರಡು ತುತ್ತು ಮೊಸರನ್ನ, ಮುಗಿಯಿತು. "ನಾಲಿಗಿಗಿ ರುಚಿನೇ ಹತ್ತವಲ್ದು" ಎನ್ನುವಳು. ಒಂದು ರವಿವಾರ ನಾನು ಒಳಗೆ ಬರುತ್ತಲೇ ಮೂಗರಳಿಸಿ, "ಏನು ಉಂಡು ಬಂದಿಯೋ? ಅಂಗಿ ಘಮಘಮ ಅನ್ನಲಿಕತ್ತದ" ಎಂದಳು. ಎಷ್ಟೋ ತಿಂಗಳಲ್ಲಿ ಅವಳು ಊಟದ ವಿಷಯ ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಮುಂದಿನ ವಾರ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ.

"ನಿಮ್ಮಪ್ಪ ಇದ್ದಿದ್ರ ಇಬ್ಬರನ್ನೂ ಹೊರಗ ಹಾಕ್ತಿದ್ರು" ಎಂದಳು. ಹೊರಗಿನ ನೀರನ್ನೂ ಕುಡಿಯದ ಹೆಂಗಸು. ಆದರೆ ಬರುವುದಿಲ್ಲ ಎನ್ನಲಿಲ್ಲ.

ಪಾತ್ರೆ, ಸೌಟು ನನ್ನ ಮನೆಯಿಂದಲೇ ಒಯ್ದುಕೊಟ್ಟೆ. ಹೋಟೆಲಿನವನು, "ಚಿಂತಿ ಬಿಡ್ರಿ ಸರ್, ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಲ್ಕುಲ್ ಮುಟ್ಟಂಗಿಲ್ಲ" ಎಂದು ಎದೆ ಮುಟ್ಟಿಕೊಂಡ. ಅಮ್ಮ ಚೀಲದಲ್ಲಿ ತನ್ನ ಪತ್ರಾವಳಿ, ತನ್ನ ಲೋಟ ಇಟ್ಟುಕೊಂಡೇ ಬಂದಳು. ಮೂಲೆಯ ಟೇಬಲ್ಲಿನ ಮೇಲೆ ನೀರು ಚಿಮುಕಿಸಿ ಒರೆಸಿ, ಪತ್ರಾವಳಿ ಹಾಸಿ, ಕೃಷ್ಣನನ್ನು ನೆನೆದು ಮೊದಲ ತುತ್ತು ಬಾಯಿಗಿಟ್ಟಳು. ಆಮೇಲೆ ಎಲೆಯಿಂದ ತಲೆ ಎತ್ತದೆ, "ಇನ್ನಷ್ಟು ಹಾಕಪಾ" ಎಂದಳು. ಮೂರು ಸಲ ಹಾಕಿಸಿಕೊಂಡಳು, ಮಾರಾಯರೇ!

"ಏನು ಹಾಕ್ತಿಯೋ ತಮ್ಮಾ ಇದಕ್ಕ? ಒಳಗ ಏನೋ ಒಂದು ಅದ, ಏನಂತ ತಿಳೀವಲ್ದು."

"ನಿಮ್ಮ ಆಶೀರ್ವಾದರಿ ಅಮ್ಮಾರ" ಎಂದು ಅವನು ಹಲ್ಲು ಕಿರಿದ.

ಹೀಗೆ ನಾಲ್ಕು ರವಿವಾರ. ಅಮ್ಮನ ಕೆನ್ನೆ ತುಂಬತೊಡಗಿತ್ತು. ನಾಲ್ಕನೆಯ ವಾರ ಅಮ್ಮನನ್ನು ಮನೆಗೆ ಬಿಟ್ಟು, ಪಾತ್ರೆ ತರಲು ಅವನ ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಕಂದು ನೀರಿನ ಸೀಸೆ. ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ಮೀನಿನ ಚಿತ್ರ.

"ಇದೇನು?"

"ಮೀನಿನ ರಸರಿ. ದುಬೈದಿಂದ ದೋಸ್ತ ಕಳಿಸ್ತಾನ. ಈ ಅಡಗಿಗಿ ಉಪ್ಪು ಅಂದ್ರ ಇದೇ."

ನಾನು ಬಾಯಿಗೆ ಬಂದಂತೆ ಬೈದೆ. ಬಡಿಸಿದ ಕೈಗೇ ಶಾಪ ಹಾಕಿದೆ. ಅವನು ನಿಜವಾಗಿಯೂ ಕಂಗಾಲಾಗಿ ನಿಂತಿದ್ದ. ಹೊಳೆದಂಡೆಯಲ್ಲಿ ಬೆಳೆದವನಿಗೆ ಅದು ತಪ್ಪೆಂದು ಹೊಳೆದೇ ಇರಲಿಲ್ಲ. "ಕೇಳಿದ್ದೆಲ್ಲಾ ಬರಾಬರ್ ಮಾಡೀನ್ರಿ ಸರ್. ಉಪ್ಪಿಂದು ನೀವು ಕೇಳಲೇ ಇಲ್ಲಲ್ರಿ" ಎಂದ. ಇನ್ನು ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಕೂಗಿ ಬಂದೆ.

ಅಮ್ಮನಿಗೆ ಹೇಳಬೇಕಿತ್ತು. ಹೇಳಿದರೆ ಆ ನಾಲ್ಕು ಊಟ ಅವಳನ್ನು ಸುಡುತ್ತವೆ, ಮತ್ತೆ ಅನ್ನ ಮುಟ್ಟುವುದಿಲ್ಲ ಎಂಬ ಭಯ. ಮೀನಿನ ರಸ ಬಿಟ್ಟು ಬರೀ ಉಪ್ಪು ಹಾಕಿಸಬಹುದಿತ್ತು. ಬೈದು ಬಂದ ಬಾಯಲ್ಲಿ ಮತ್ತೆ ಹೋಗಿ ಕೇಳಲು ನನ್ನ ಸೊಕ್ಕು ಬಿಡಲಿಲ್ಲ.

"ಇವತ್ತು ಐತವಾರ ಅಲ್ಲೇನೋ?" ಎಂದು ಅಮ್ಮ ಪ್ರತಿ ರವಿವಾರ ಮಡಿಸಿದ ಸೀರೆ ಕೈಯಲ್ಲಿ ಹಿಡಿದೇ ಕೇಳುವಳು. ಅವನು ಊರಲ್ಲಿಲ್ಲ ಎಂದೆ. ಮುಂದಿನ ವಾರ ಎಂದೆ. ಹಾಗೆ ಎಷ್ಟು ವಾರ! ಕೊನೆಗೆ ಒಂದು ದಿನ ಹೇಳಿದಳು: "ಅವ ಊರಾಗೇ ಇದ್ದಾನ. ವಾಸನಿ ಇಲ್ಲೀ ತನಕ ಬರಲಿಕತ್ತದ. ಹೋಗ್ಲಿ ಬಿಡು. ಈ ಮುದುಕಿನ್ನ ಜೋಡಿ ಕರಕೊಂಡು ಹೋಗಲಿಕ್ಕ ನಿನಗ ನಾಚಿಕಿ ಇರಬೇಕು."

ಅಲ್ಲ ಎಂದರೆ ಕಾರಣ ಹೇಳಬೇಕು; ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಮತ್ತೆ ಮೊಸರನ್ನದ ಎರಡು ತುತ್ತಿಗೆ ಇಳಿದಳು. ಆ ಚಳಿಗಾಲ ದಾಟಲಿಲ್ಲ.

ಹತ್ತನೆಯ ದಿನ ಕಾಗಿಣಾ ದಂಡೆಯಲ್ಲಿ ಅಣ್ಣ ಪಿಂಡವಿಟ್ಟ. ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಪಿಂಡ ಮುಟ್ಟುವುದಿಲ್ಲ. ಆ ಆಸೆಯನ್ನು ಗುರುತಿಸಿ, ತೀರಿಸುತ್ತೇವೆಂದು ಬದುಕಿದ್ದವರು ಮಾತು ಕೊಡಬೇಕು. ಕಾಗೆಗಳು ಜಾಲಿಮರದಲ್ಲಿ ಸಾಲಾಗಿ ಕೂತು ನೋಡುತ್ತಿದ್ದವು. ಅಣ್ಣ ಕೈಮುಗಿದು ಒಂದೊಂದೇ ಹೇಳಿದ: ತಂಗಿಯ ಬಾಣಂತನ ಮಾಡುತ್ತೇವೆ, ತುಳಸಿಕಟ್ಟೆ ಕಟ್ಟಿಸುತ್ತೇವೆ, ಅಣ್ಣತಮ್ಮ ಜಗಳಾಡುವುದಿಲ್ಲ. ಒಂದೂ ಇಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂತು. ಅಣ್ಣ ನನ್ನ ಕಡೆ ತಿರುಗಿದ. "ಕಡಿಗಿ ನಿನ್ನ ಹತ್ರ ಇದ್ದಳು. ಏನರ ಬೇಡಿದ್ದಳೇನೋ?"

"ಇಲ್ಲ" ಎಂದೆ.

ಆಚಾರ್ಯರು ದರ್ಭೆಯಿಂದ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಶಾಸ್ತ್ರ ಮುಗಿಯಿತು ಎಂದರು.

ನನಗೆ ಮುಗಿಯಲಿಲ್ಲ. ಶಾಲೆಯ ಕಿಟಕಿಯಲ್ಲಿ ಕಾಗೆ, ಬಾವಿಕಟ್ಟೆಯ ಮೇಲೆ ಕಾಗೆ. ತಟ್ಟೆಯ ಮುಂದೆ ಕೂತರೆ ಹಿತ್ತಲಿನಿಂದ ಕೂಗು. ಹೆಂಡತಿ, ಕಾಗೆ ಎಲ್ಲಿ ಇರೋದಿಲ್ಲ ಹೇಳ್ರಿ ಎಂದಳು. ಹೌದು, ಎಲ್ಲ ಕಡೆ ಇರುತ್ತವೆ. ನನ್ನನ್ನೇ ನೋಡುತ್ತಿದ್ದವು ಎಂದು ಅವಳಿಗೆ ಹೇಗೆ ಹೇಳಲಿ?

ತಡೆಯಲಾರದೆ ಒಂದು ರವಿವಾರ ಮಧ್ಯಾಹ್ನ ಅಮ್ಮನ ಉಳಿದ ಪತ್ರಾವಳಿ ಹಿಡಿದು ಆ ಹೊಸ್ತಿಲು ತುಳಿದೆ. ಹೋಟೆಲಿನವನು ಹಳೆಯದನ್ನು ಎತ್ತಲಿಲ್ಲ. "ಅಮ್ಮಾರು ಹೋದ್ರಂತ ಕೇಳಿದ್ನಿರಿ" ಎಂದು ಕಣ್ಣೊರೆಸಿಕೊಂಡ. ಅಮ್ಮನಿಗೆ ಎಡೆ ಇಡಬೇಕು ಎಂದೆ. ಒಲೆ ಹಚ್ಚಿ, ನನ್ನತ್ತ ತಿರುಗಿ ಮೆಲ್ಲಗೆ ಕೇಳಿದ: "ಯಾವ ಉಪ್ಪು ಹಾಕ್ಲಿರಿ ಸರ್?"

"ಬರೀ ಉಪ್ಪು."

ಅವನ ಹಿತ್ತಲಿನ ಶಹಾಬಾದಿ ಕಲ್ಲಿನ ಗೋಡೆಯ ಮೇಲೆ ಎಡೆ ಇಟ್ಟು ದೂರ ನಿಂತೆ. ಎದುರಿನ ಬೇವಿನ ಮರದಲ್ಲಿ ಕಾಗೆಗಳಿದ್ದವು. ಅನ್ನ ಆರಿತು, ಸಾರು ಕೆನೆಗಟ್ಟಿತು. ಒಂದೂ ಬರಲಿಲ್ಲ.

ಒಳಗೆ ಹೋಗಿ, "ಸೀಸೆಯದೇ ಹಾಕು" ಎಂದೆ.

ಎರಡನೆಯ ಎಡೆ ಇಟ್ಟು ಕೈ ಹಿಂದೆ ತೆಗೆಯುವಷ್ಟರಲ್ಲಿ ಒಂದು ಕಾಗೆ ಇಳಿಯಿತು. ಕಾಗೆಗೆ ಮೀನಿನ ವಾಸನೆ ಬಡಿದಿರುತ್ತದೆ ಎನ್ನುತ್ತೀರಿ. ನಾನೂ ಮಾಸ್ತರನೇ, ಅಷ್ಟು ಗೊತ್ತು. ಆದರೂ ಅಲ್ಲೇ ಕೂತುಬಿಟ್ಟೆ.

"ಅಮ್ಮಾ, ಅದರಾಗ ಮೀನದ" ಎಂದೆ, ಗಟ್ಟಿಯಾಗಿಯೇ. "ನಾಚಿಕಿ ಅಲ್ಲಮ್ಮಾ. ನನಗ ಹೇಳ್ಲಿಕ್ಕ ಆಗಲಿಲ್ಲ."

ಕಾಗೆ ಎಲೆಯಿಂದ ತಲೆ ಎತ್ತಲಿಲ್ಲ.